ಮುಖಗವಸು: ಸೋಸುವ ಬಟ್ಟೆ, ಸೋರುವ ಅಂಚು

ಮುಖಗವಸು ಅಥವಾ ಮಾಸ್ಕ್ ಎಂದರೆ ಮೂಗು ಬಾಯಿಗಳನ್ನು ಮುಚ್ಚಿ, ಉಸಿರಿನೊಡನೆ ಹೊರಬೀಳುವ ಇಲ್ಲವೆ ಒಳಸೇರುವ ಕಣಗಳನ್ನು ತಡೆಯುವ ಸಾಧನ. ಕೋವಿಡ್, ಇನ್‌ಫ್ಲುಯೆಂಜ, ದಡಾರದಂಥ ವೈರಸ್ ರೋಗಗಳೂ ಕ್ಷಯದ ರೋಗಾಣುಗಳೂ ಗಾಳಿಯಲ್ಲಿ ತೇಲುವ ಇಂಥ ಕಣಗಳನ್ನೇರಿ ಒಬ್ಬರಿಂದ ಇನ್ನೊಬ್ಬರಿಗೆ ಸಾಗುತ್ತವೆ. ಮಾಸ್ಕ್ ಕೊಡುವ ರಕ್ಷಣೆ ಎರಡು ಸಂಗತಿಗಳ ಮೇಲೆ ನಿಂತಿದೆ: ಅದರ ಬಟ್ಟೆ ಎಷ್ಟನ್ನು ಸೋಸುತ್ತದೆ ಎಂಬುದು ಒಂದು, ಅದರ ಅಂಚು ಮುಖಕ್ಕೆ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದು ಇನ್ನೊಂದು. ಅಂಗಡಿಯಲ್ಲಿ ಚರ್ಚೆ ನಡೆಯುವುದು ಮೊದಲನೆಯದರ ಬಗ್ಗೆ. ಎರಡನೆಯದು ಕೆಟ್ಟರೆ ಮೊದಲನೆಯದರ ಬಹುಪಾಲು ಬೆಲೆ ಹೋಗುತ್ತದೆ.

ವಿಜಯಪುರದ ಸೀಮೆಗೆ ಮುಖ ಕಟ್ಟಿಕೊಳ್ಳುವುದು ಹೊಸದಲ್ಲ. ಗದಗ–ಹೊಟಗಿ ರೈಲುಮಾರ್ಗದ ನಿಲ್ದಾಣವಿರುವ ಇಬ್ರಾಹಿಂಪುರದಿಂದ ಬೈಕಿನಲ್ಲಿ ಊರೊಳಗೆ ಹೋಗುವವರು ಬೇಸಿಗೆಯಲ್ಲಿ ದಸ್ತಿ ಕಟ್ಟುತ್ತಾರೆ, ಹುಡುಗಿಯರು ಓಢಣಿಯನ್ನು ಕಣ್ಣು ಮಾತ್ರ ಕಾಣುವಂತೆ ಸುತ್ತುತ್ತಾರೆ. ಬೇಳೆ ಮಿಲ್ಲಿನ ಹಮಾಲರಿಗೆ ಟವೆಲ್ಲೇ ಮಾಸ್ಕ್. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಔಷಧ ಹೊಡೆಯುವವರೂ ಮೂಗಿನ ಮೇಲೆ ಒಂದು ಬಟ್ಟೆ ಎಳೆದುಕೊಳ್ಳುತ್ತಾರೆ. ಪಕ್ಕದ ಕಲಬುರಗಿಯಲ್ಲಿ 2020ರ ಮಾರ್ಚ್ 10ರಂದು ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದಾಗ ಈ ಭಾಗದ ಜನರ ಕೈಗೆ ಮೊದಲು ಸಿಕ್ಕಿದ್ದು ಅದೇ ದಸ್ತಿ, ಅದೇ ಸೆರಗು. ರೂಢಿ ಇದ್ದದ್ದು ಒಳ್ಳೆಯದೇ ಆಯಿತು. ಆದರೆ ಹೊಲದ ಧೂಳಿಗೆ ಸಾಕಾಗುವ ಬಟ್ಟೆ ವೈರಸ್ಸಿಗೂ ಸಾಕೆಂಬ ನಂಬಿಕೆಯೂ ಅದರ ಜೊತೆಗೇ ಬಂತು.

ಗಾಳಿಯಲ್ಲಿನ ಕಣಗಳು

ಕೊರೊನಾ ವೈರಸ್ಸಿನ ಅಡ್ಡಳತೆ ಸುಮಾರು 0.1 ಮೈಕ್ರಾನ್, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ವೈರಸ್ ಇಷ್ಟು ಚಿಕ್ಕದು, ಬಟ್ಟೆಯ ರಂಧ್ರ ಅದಕ್ಕಿಂತ ಎಷ್ಟೋ ದೊಡ್ಡದು, ಹಾಗಾಗಿ ಮಾಸ್ಕ್ ವ್ಯರ್ಥ ಎಂಬ ವಾದ 2020ರಲ್ಲಿ ಬಹಳ ಓಡಾಡಿತು. ವೈರಸ್ ಒಂಟಿಯಾಗಿ ಹಾರಾಡುವುದಿಲ್ಲ ಎಂಬುದನ್ನು ಈ ವಾದ ಮರೆಯುತ್ತದೆ. ಅದು ಎಂಜಲು, ಸಿಂಬಳ, ಶ್ವಾಸನಾಳದ ದ್ರವಗಳ ಹನಿಯೊಳಗೆ ಕೂತು ಹೊರಬರುತ್ತದೆ. ಈ ಹನಿಗಳ ಗಾತ್ರ ಒಂದು ಮೈಕ್ರಾನಿಗಿಂತ ಕಡಿಮೆಯಿಂದ ಹಿಡಿದು ನೂರಾರು ಮೈಕ್ರಾನ್‌ವರೆಗೆ ಇರುತ್ತದೆ. ದೊಡ್ಡವು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ. ಚಿಕ್ಕವು ಕ್ಷಣಗಳಲ್ಲಿ ಆರಿ ಇನ್ನೂ ಚಿಕ್ಕವಾಗಿ, ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲಬಲ್ಲವು. ವಿಜಯಪುರದ ಬೇಸಿಗೆಯಂಥ ಒಣಗಾಳಿಯಲ್ಲಿ ಹನಿ ಆರುವುದು ಮತ್ತಷ್ಟು ಬೇಗ.

ಕೆಮ್ಮು ಸೀನು ಮಾತ್ರವಲ್ಲ, ಮಾತೂ ಕಣಗಳನ್ನು ಹೊರಹಾಕುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಸಂಶೋಧಕರು 2019ರಲ್ಲಿ, ದನಿ ಏರಿದಂತೆ ಸೆಕೆಂಡಿಗೆ ಹೊರಬೀಳುವ ಕಣಗಳು ಒಂದರಿಂದ ಐವತ್ತರವರೆಗೆ ಏರುತ್ತವೆ ಎಂದು ಅಳೆದು ತೋರಿಸಿದರು. ವಿಜಯಪುರದ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಗುಟ್ಟುವವರು ಕಡಿಮೆ, ಕೂಗುವವರೇ ಹೆಚ್ಚು ಎಂಬುದು ಅಲ್ಲಿಗೆ ಹೋದವರಿಗೆಲ್ಲ ಗೊತ್ತು. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ದೇಶದ ಇತರ ಸ್ಮಾರಕಗಳ ಜೊತೆ ಇದನ್ನೂ 2020ರ ಮಾರ್ಚ್ 17ರಿಂದ ಮುಚ್ಚಿಸಿತು. ಸ್ಮಾರಕಗಳನ್ನು ಮತ್ತೆ ತೆರೆಯಲು ಒಪ್ಪಿಗೆ ಸಿಕ್ಕಿದ್ದು ಜುಲೈ 6ರಿಂದ, ಮಾಸ್ಕ್ ಕಡ್ಡಾಯವೆಂಬ ಷರತ್ತಿನೊಡನೆ. ಬಸ್ಸಿನಲ್ಲಾಗಲಿ ಸಂತೆಯಲ್ಲಾಗಲಿ ಜೋರಾಗಿ ಕೂಗುವಾಗ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಳ್ಳುವ ಅಭ್ಯಾಸ, ಅದು ಅತ್ಯಂತ ಬೇಕಾದ ಗಳಿಗೆಯಲ್ಲೇ ಅದನ್ನು ಬದಿಗಿಟ್ಟ ಹಾಗೆ.

ಸೋಸುವ ಬಗೆ

ಮಾಸ್ಕ್ ಜರಡಿಯಂತೆ ಕೆಲಸ ಮಾಡುವುದಿಲ್ಲ. ಜರಡಿಯಲ್ಲಿ ಕಣ್ಣಿಗಿಂತ ಚಿಕ್ಕದೆಲ್ಲ ಕೆಳಗಿಳಿಯುತ್ತದೆ. ಮಾಸ್ಕಿನ ನಾರುಗಳ ಸಿಕ್ಕಿನಲ್ಲಿ ದೊಡ್ಡ ಕಣಗಳೂ ಅತಿ ಚಿಕ್ಕ ಕಣಗಳೂ ಸಿಕ್ಕಿಬೀಳುತ್ತವೆ, ನಡುವಿನ ಗಾತ್ರದವೇ ಹೆಚ್ಚು ಜಾರಿಹೋಗುತ್ತವೆ. ಭಾರದ ಕಣ ಗಾಳಿಯೊಡನೆ ತಿರುಗಲಾರದೆ ನೇರ ಹೋಗಿ ನಾರಿಗೆ ಬಡಿಯುತ್ತದೆ. ಅದಕ್ಕಿಂತ ತುಸು ಚಿಕ್ಕದು ನಾರಿನ ಪಕ್ಕ ಹಾಯುವಾಗ ತಗುಲಿ ಅಂಟುತ್ತದೆ. ಅತಿ ಚಿಕ್ಕದು ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅಡ್ಡಾದಿಡ್ಡಿ ಓಲಾಡುತ್ತ ಎಲ್ಲೋ ಒಂದು ಕಡೆ ನಾರನ್ನು ಮುಟ್ಟುತ್ತದೆ. ಈ ಮೂರಕ್ಕೂ ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಸುಮಾರು 0.3 ಮೈಕ್ರಾನಿನ ಕಣ. ಮಾಸ್ಕ್ ಪರೀಕ್ಷೆಗಳಲ್ಲಿ ಈ ಅಂಕಿ ಪದೇಪದೇ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ನಾಲ್ಕನೆಯ ಉಪಾಯವೇ ಆಧುನಿಕ ಮಾಸ್ಕಿನ ಜೀವಾಳ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕನ್ನು ಕರಗಿಸಿ, ಬಿಸಿಗಾಳಿಯ ರಭಸಕ್ಕೆ ಊದಿ, ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ನಾರುಗಳ ಹಾಳೆಯನ್ನು ಮಾಡುತ್ತಾರೆ. ಇದು ಮೆಲ್ಟ್‌ಬ್ಲೋನ್ ಬಟ್ಟೆ. ಇದರೊಳಗೆ ಸ್ಥಿರ ವಿದ್ಯುತ್ತನ್ನು ತುಂಬಿದರೆ ಪಕ್ಕದಲ್ಲಿ ಹಾಯುವ ಕಣಗಳನ್ನು ಅದು ಎಳೆದುಕೊಳ್ಳುತ್ತದೆ. ಹಾಳೆಯನ್ನು ದಪ್ಪ ಮಾಡದೆ, ಉಸಿರು ಕಟ್ಟಿಸದೆ, ಸೋಸುವಿಕೆ ಹಲವು ಪಟ್ಟು ಏರುತ್ತದೆ. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ತೈವಾನ್ ಮೂಲದ ಪೀಟರ್ ತ್ಸಾಯ್ 1990ರ ದಶಕದಲ್ಲಿ ಹೀಗೆ ವಿದ್ಯುತ್ ತುಂಬುವ ವಿಧಾನವನ್ನು ಬೆಳೆಸಿದರು. ಹತ್ತಿಯ ಬಟ್ಟೆಗೆ ಈ ಗುಣ ಇಲ್ಲವೆಂದೇ ಹೇಳಬೇಕು. ಎಷ್ಟು ಮಡಿಕೆ ಹಾಕಿದರೂ ಅದು ಎನ್-95ಕ್ಕೆ ಸಮನಾಗದಿರುವುದಕ್ಕೆ ಮುಖ್ಯ ಕಾರಣ ಇದೇ.

ಬಟ್ಟೆ, ಸರ್ಜಿಕಲ್, ಎನ್-95

ಮಾಸ್ಕಿನ ಪದರಗಳ ವಿಷಯದಲ್ಲಿ ಕರ್ನಾಟಕದಲ್ಲೇ ನಡೆದ ಒಂದು ಪ್ರಯೋಗ ಜಗತ್ತಿನ ಗಮನ ಸೆಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಯಾಂತ್ರಿಕ ಎಂಜಿನಿಯರಿಂಗ್ ವಿಭಾಗದ ಸಪ್ತರ್ಷಿ ಬಸು ಮತ್ತು ಸಂಗಡಿಗರು, ಸ್ಯಾನ್ ಡಿಯಾಗೊ ಹಾಗೂ ಟೊರೊಂಟೊ ವಿಶ್ವವಿದ್ಯಾಲಯಗಳ ಸಂಶೋಧಕರೊಡನೆ, ಕೆಮ್ಮಿನ ವೇಗದಲ್ಲಿ ಹನಿಗಳನ್ನು ಮಾಸ್ಕಿನ ಪದರಕ್ಕೆ ಹೊಡೆದು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ಫಲಿತಾಂಶ ಪ್ರಕಟವಾದದ್ದು 2021ರ ಮಾರ್ಚಿನಲ್ಲಿ. 620 ಮೈಕ್ರಾನಿನ ಹನಿ ಒಂದೇ ಪದರಕ್ಕೆ ಬಡಿದಾಗ ಅದರ ಸುಮಾರು 30% ಮಾತ್ರ ತಡೆಯಿತು. ಉಳಿದದ್ದು ನೂರು ಮೈಕ್ರಾನಿಗಿಂತ ಚಿಕ್ಕ ತುಣುಕುಗಳಾಗಿ ಸಿಡಿದು ಆಚೆ ಹೋಯಿತು. ಅಂದರೆ ನೆಲಕ್ಕೆ ಬೀಳಬೇಕಿದ್ದ ದೊಡ್ಡ ಹನಿಯನ್ನು ಒಂಟಿ ಪದರವು ಗಾಳಿಯಲ್ಲಿ ಉಳಿಯುವ ಸಣ್ಣ ಹನಿಗಳಾಗಿ ಒಡೆಯಲೂಬಹುದು. ಎರಡು ಪದರ ಸುಮಾರು 91% ತಡೆಯಿತು. ಮೂರು ಪದರದಿಂದ ಹೊರಬಂದದ್ದು ನಗಣ್ಯ. ಒಂಟಿ ಪದರದ ಸೆರಗು, ಒಂದೇ ಸುತ್ತಿನ ಓಢಣಿ ಎಷ್ಟರಮಟ್ಟಿಗೆ ಸಾಕು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ದಸ್ತಿಯನ್ನೇ ಕಟ್ಟುವುದಾದರೆ ಕನಿಷ್ಠ ಮೂರು ಮಡಿಕೆ ಬೇಕು.

ಸರ್ಜಿಕಲ್ ಮಾಸ್ಕ್ ಮೂರು ಪದರದ್ದು. ನಡುವಿನದು ಮೆಲ್ಟ್‌ಬ್ಲೋನ್, ಹೊರಗಿನೆರಡು ಅದನ್ನು ಹಿಡಿದಿಡುವ ನೇಯದ ಬಟ್ಟೆ. ಬಣ್ಣದ ಮಗ್ಗುಲು ಹೊರಗೆ, ಲೋಹದ ಎಳೆ ಮೇಲೆ ಬರಬೇಕು. ಭಾರತದಲ್ಲಿ ಇದರ ಮಾನಕ ಐಎಸ್ 16289. ಇಲ್ಲಿ ಅಳೆಯುವುದು ಬ್ಯಾಕ್ಟೀರಿಯ ಸೋಸುವಿಕೆಯನ್ನು, ಅದೂ ಸುಮಾರು 3 ಮೈಕ್ರಾನಿನ ಹನಿಗಳಿಂದ. ಡಬ್ಬಿಯ ಮೇಲೆ 95% ಅಥವಾ 98% ಎಂದು ಬರೆದಿದ್ದರೆ ಅದು ಈ ಪರೀಕ್ಷೆಯ ಅಂಕ. ಎನ್-95ರ 95ಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಆದರೆ ಔಷಧದಂಗಡಿಯ ಗಲ್ಲೆಯ ಮೇಲೆ ಎರಡೂ ಒಂದೇ ಎಂಬಂತೆ ಮಾರಾಟವಾಗುತ್ತವೆ.

ಎನ್-95 ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1995ರಲ್ಲಿ ತಂದ ದರ್ಜೆ. ಉಪ್ಪಿನ ಅತಿ ಸಣ್ಣ ಕಣಗಳನ್ನು ನಿಮಿಷಕ್ಕೆ 85 ಲೀಟರ್ ಗಾಳಿಯೊಡನೆ ಹಾಯಿಸಿದಾಗ ಕನಿಷ್ಠ 95% ತಡೆಯಬೇಕು. ಎನ್ ಎಂದರೆ ಎಣ್ಣೆಯ ಕಣಗಳಿಗೆ ಇದು ತಾಳದು ಎಂಬ ಸೂಚನೆ. ಯುರೋಪಿನ ಎಫ್‌ಎಫ್‌ಪಿ-2 ದರ್ಜೆಗೆ 94%, ಎಫ್‌ಎಫ್‌ಪಿ-3ಕ್ಕೆ 99% ಬೇಕು. ಯುರೋಪಿನ ಮಾನಕ ಒಂದು ಹೆಜ್ಜೆ ಮುಂದೆ ಹೋಗಿ, ಜನರ ಮುಖಕ್ಕೆ ಹಾಕಿಸಿ ಒಳಸೋರಿಕೆಯನ್ನೂ ಅಳೆಯುತ್ತದೆ. ಭಾರತದ ಐಎಸ್ 9473 ಈ ಯುರೋಪಿನ ದಾರಿಯನ್ನೇ ಹಿಡಿದಿದೆ. ಆದ್ದರಿಂದ ಕೊಳ್ಳುವವರು ಪೊಟ್ಟಣದ ಮೇಲಿನ ಎನ್-95 ಎಂಬ ಅಕ್ಷರಕ್ಕಿಂತ ಐಎಸ್‌ಐ ಗುರುತು ಮತ್ತು 9473 ಎಂಬ ಸಂಖ್ಯೆಯನ್ನು ಹುಡುಕುವುದು ಲೇಸು. ಕವಾಟವಿರುವ ಮಾಸ್ಕುಗಳು ಹಾಕಿಕೊಂಡವರಿಗೆ ಹಿತ, ಆದರೆ ಅವರ ಉಸಿರನ್ನು ಸೋಸದೆ ಹೊರಬಿಡುತ್ತವೆ. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2020ರ ಜುಲೈನಲ್ಲಿ ಇವುಗಳ ವಿರುದ್ಧ ರಾಜ್ಯಗಳಿಗೆ ಪತ್ರ ಬರೆಯಿತು.

ಬೆಲೆ ಮತ್ತು ದಂಡ

2020ರ ಮಾರ್ಚ್ 13ರಂದು ಕೇಂದ್ರ ಸರ್ಕಾರ ಮಾಸ್ಕನ್ನು ಅಗತ್ಯ ವಸ್ತುವೆಂದು ಸಾರಿ, ವಾರದ ನಂತರ ಎರಡು ಪದರದ್ದಕ್ಕೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ ಮಿತಿ ಹಾಕಿತು. ಕರ್ನಾಟಕ ಸರ್ಕಾರ ಅಕ್ಟೋಬರಿನ ಮೊದಲಿಗೆ ಮಾಸ್ಕ್ ಹಾಕದವರ ದಂಡವನ್ನು ನಗರಗಳಲ್ಲಿ 1,000, ಹಳ್ಳಿಗಳಲ್ಲಿ 500 ರೂಪಾಯಿಗೆ ಏರಿಸಿ, ಜನರ ಸಿಟ್ಟು ಕಂಡು ವಾರದಲ್ಲೇ 250 ಮತ್ತು 100ಕ್ಕೆ ಇಳಿಸಿತು. ಮಹಾನಗರ ಪಾಲಿಕೆಯ ಇಬ್ರಾಹಿಂಪುರಕ್ಕೆ ಮೊದಲ ದರ, ಬಬಲೇಶ್ವರದ ಹಳ್ಳಿಗೆ ಎರಡನೆಯದು. ದಂಡದ ಚೀಟಿ ಬರೆಯುವವರ ಕಣ್ಣಿಗೆ ಮೂಗು ಮುಚ್ಚಿದೆಯೇ ಇಲ್ಲವೇ ಎಂಬುದಷ್ಟೇ ಕಾಣುತ್ತಿತ್ತು, ಕೆನ್ನೆಯ ಬದಿಯ ಸಂದು ಕಾಣುತ್ತಿರಲಿಲ್ಲ. ಕಾನೂನು ಮುಚ್ಚುವುದನ್ನು ಅಳೆಯಿತು, ಕೂರುವುದನ್ನು ಅಳೆಯಲಿಲ್ಲ. ಜನರೂ ಹಾಗೆಯೇ ಕಲಿತರು.

ಅಂಚಿನ ಸಂದು

ಗಾಳಿ ಸುಲಭದ ದಾರಿಯನ್ನು ಹುಡುಕುತ್ತದೆ. ಬಟ್ಟೆಯ ಮೂಲಕ ನುಗ್ಗುವುದಕ್ಕಿಂತ ಮೂಗಿನ ಪಕ್ಕದ ಕುಳಿ, ಕೆನ್ನೆಯ ಬದಿ, ಗದ್ದದ ಕೆಳಗಿನ ತೆರಪು ಅದಕ್ಕೆ ಸಲೀಸು. ಒಂದು ಸರಳ ಲೆಕ್ಕ ನೋಡಬಹುದು. 95% ಸೋಸುವ ಮಾಸ್ಕ್ ಸಡಿಲವಾಗಿದ್ದು ಉಸಿರಿನ 30% ಗಾಳಿ ಸಂದಿನಿಂದ ಬಂದರೆ, ಹೊರಗಿನ ಕಣಗಳಲ್ಲಿ 33.5% ಒಳಗೆ ಸೇರುತ್ತವೆ. 70% ಮಾತ್ರ ಸೋಸುವ ಸಾಧಾರಣ ಮಾಸ್ಕ್ ಚೆನ್ನಾಗಿ ಕೂತು 5% ಗಾಳಿ ಮಾತ್ರ ಸಂದಿನಿಂದ ಬಂದರೆ ಒಳಸೇರುವುದು ಎಷ್ಟು? ಅದೂ 33.5%. ದುಬಾರಿ ಮಾಸ್ಕ್ ಕೊಂಡು ಜೋಲಾಗಿ ಹಾಕಿಕೊಂಡವರು ಹೆಚ್ಚಿಗೆ ಪಡೆದದ್ದು ಏನೂ ಇಲ್ಲ.

ಇದು ಕೋವಿಡ್ ಕಾಲದ ಶೋಧವೇನಲ್ಲ. 1897ರಲ್ಲಿ ಪ್ಯಾರಿಸ್ಸಿನ ಪಾಲ್ ಬರ್ಜೆ ಮತ್ತು ಬ್ರೆಸ್ಲೌನ ಮಿಕುಲಿಚ್ ಶಸ್ತ್ರಚಿಕಿತ್ಸೆಗೆ ಮಾಸ್ಕ್ ತಂದರು. 1910–11ರಲ್ಲಿ ಮಂಚೂರಿಯಾದ ಶ್ವಾಸಕೋಶದ ಪ್ಲೇಗಿನಲ್ಲಿ ಮಲಯ ಮೂಲದ ವೈದ್ಯ ವೂ ಲಿಯನ್-ತೆ ಹತ್ತಿ ತುಂಬಿದ ಗಾಜ್ ಮಾಸ್ಕನ್ನು ಸಾರ್ವಜನಿಕ ಬಳಕೆಗೆ ತಂದರು. ಅದನ್ನು ತಿರಸ್ಕರಿಸಿದ ಫ್ರೆಂಚ್ ವೈದ್ಯ ಮೆನೀ ರೋಗಿಗಳನ್ನು ನೋಡಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. 1918ರ ಇನ್‌ಫ್ಲುಯೆಂಜದಲ್ಲಿ, ಆಗಿನ ಬಿಜಾಪುರ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತವೊಂದರಲ್ಲೇ ಹತ್ತು ಲಕ್ಷದಷ್ಟು ಜನ ಸತ್ತರು. ಅದೇ ಪಿಡುಗಿನಲ್ಲಿ ಮಾಸ್ಕ್ ಕಡ್ಡಾಯ ಮಾಡಿದ ಕ್ಯಾಲಿಫೋರ್ನಿಯಾದ ಆರೋಗ್ಯಾಧಿಕಾರಿ ಕೆಲಾಗ್, ಅದು ನಿರೀಕ್ಷೆಯಷ್ಟು ಫಲ ಕೊಡದ್ದನ್ನು ಕಂಡು ಸಹೋದ್ಯೋಗಿ ಗ್ರೇಸ್ ಮ್ಯಾಕ್‌ಮಿಲನ್ ಜೊತೆ ಪ್ರಯೋಗಕ್ಕಿಳಿದರು. 1920ರಲ್ಲಿ ಅವರು ಬರೆದದ್ದರ ತಾತ್ಪರ್ಯ: ಚೆನ್ನಾಗಿ ಸೋಸುವಷ್ಟು ಗಾಜ್ ಪದರ ಸೇರಿಸಿದರೆ ಉಸಿರಾಟ ಕಷ್ಟವಾಗುತ್ತದೆ, ಗಾಳಿ ಅಂಚಿನಿಂದ ಸೋರತೊಡಗುತ್ತದೆ. ನೂರು ವರ್ಷಗಳ ನಂತರದ ಪ್ರಯೋಗಾಲಯಗಳು ಹೇಳಿದ್ದೂ ಇದನ್ನೇ.

ಆ ಹೊಸ ಅಂಕಿಗಳಲ್ಲಿ ಕೆಲವು ನೆನಪಿಡುವಂಥವು. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ 2020ರಲ್ಲಿ ಮುಖಕ್ಕೆ ಹಾಕಿದ ಸ್ಥಿತಿಯಲ್ಲೇ ಅಳೆದಾಗ, ಸರಿಯಾಗಿ ಕೂತ ಎನ್-95 ಕಣಗಳಲ್ಲಿ 98% ತಡೆಯಿತು. ತಲೆಯ ಹಿಂದೆ ಲಾಡಿ ಕಟ್ಟುವ ಸರ್ಜಿಕಲ್ ಮಾಸ್ಕ್ 71.5%, ಕಿವಿಗೆ ಸಿಕ್ಕಿಸುವ ಎಲಾಸ್ಟಿಕ್ಕಿನದು 38.1% ತಡೆದವು. ಬಟ್ಟೆ ಒಂದೇ ಜಾತಿಯದು, ಅಂತರ ಬಿಗಿತದ್ದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಫೆಬ್ರುವರಿಯಲ್ಲಿ ಗೊಂಬೆಯ ತಲೆಗೆ ಮಾಸ್ಕ್ ಹಾಕಿ ಕೆಮ್ಮಿಸಿ ನೋಡಿತು. ಸರ್ಜಿಕಲ್ ಮಾಸ್ಕ್ ಹಾಗೇ ಹಾಕಿದಾಗ 56% ಕಣಗಳು ನಿಂತವು. ಕಿವಿಯ ಎಲಾಸ್ಟಿಕ್ಕನ್ನು ಮಾಸ್ಕಿನ ಮೂಲೆಯ ಹತ್ತಿರ ಗಂಟು ಹಾಕಿ, ಪಕ್ಕದ ಮಡಿಕೆಯನ್ನು ಒಳಗೆ ಸಿಕ್ಕಿಸಿದಾಗ 77% ನಿಂತವು. ಗಂಟು ಹಾಕದ ಸರ್ಜಿಕಲ್ ಮಾಸ್ಕಿನ ಮೇಲೆ ಬಟ್ಟೆಯ ಮಾಸ್ಕ್ ಒತ್ತಿ ಹಾಕಿದಾಗ 85%. ಕಾಸು ಖರ್ಚಿಲ್ಲದ ಈ ಗಂಟಿನ ಉಪಾಯ ನಮ್ಮ ಊರುಗಳಿಗೆ ತಕ್ಕಷ್ಟು ತಲುಪಲೇ ಇಲ್ಲ. ಎರಡು ಮಾಸ್ಕ್ ಹಾಕಿ ಎಂಬುದು ಮಾತ್ರ ತಲುಪಿತು. ಎರಡು ಸಡಿಲ ಸರ್ಜಿಕಲ್ ಮಾಸ್ಕುಗಳನ್ನು ಒಂದರ ಮೇಲೊಂದು ಹಾಕಿದರೆ ಸಂದು ಮುಚ್ಚುವುದಿಲ್ಲ.

ಜರ್ಮನಿಯ ಗಟ್ಟಿಂಗೆನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ 2021ರ ಕೊನೆಗೆ, ಸೋಂಕಿತರು ಮತ್ತು ಆರೋಗ್ಯವಂತರು ಹತ್ತಿರದಲ್ಲಿ 20 ನಿಮಿಷ ಮಾತಾಡಿದರೆ ಸೋಂಕಿನ ಗರಿಷ್ಠ ಸಂಭವ ಎಷ್ಟು ಎಂದು ಲೆಕ್ಕ ಹಾಕಿತು. ಇಬ್ಬರೂ ಎಫ್‌ಎಫ್‌ಪಿ-2 ಅನ್ನು ಮೂಗಿಗೆ ಒತ್ತಿ ಸರಿಯಾಗಿ ಹಾಕಿದ್ದರೆ ಸಾವಿರಕ್ಕೆ ಒಂದರ ಆಸುಪಾಸು. ಅದೇ ಮಾಸ್ಕ್ ಸರಿಯಾಗಿ ಕೂರದಿದ್ದರೆ ನೂರಕ್ಕೆ ನಾಲ್ಕು. ಇಬ್ಬರೂ ಚೆನ್ನಾಗಿ ಕೂತ ಸರ್ಜಿಕಲ್ ಮಾಸ್ಕ್ ಹಾಕಿದ್ದರೆ ನೂರಕ್ಕೆ ಹತ್ತು.

ಗಡ್ಡ ಈ ವಿಷಯದ ಕಠಿಣ ಭಾಗ. ಮಠದ ಸ್ವಾಮಿಗಳು, ಮೌಲ್ವಿಗಳು, ಗಡ್ಡ ಬಿಟ್ಟ ಯುವಕರು ಎಲ್ಲ ಊರಲ್ಲೂ ಇದ್ದಾರೆ. ಮಾಸ್ಕಿನ ಅಂಚಿನಡಿ ಕೂದಲು ಬಂದರೆ ಎನ್-95ರ ಬಿಗಿತ ಹೋಗುತ್ತದೆ, ನಾಲ್ಕು ದಿನದ ಕುರುಚಲೂ ಸಾಕು. ಅಂಚಿನೊಳಗೇ ಉಳಿಯುವ ಮೀಸೆಗೆ ತೊಂದರೆಯಿಲ್ಲ. ಧರ್ಮದ ಕಾರಣಕ್ಕೆ ಗಡ್ಡ ತೆಗೆಯಲಾಗದ ಸಿಖ್ ವೈದ್ಯರು ಸಿಂಗ್ ಥಾಠಾ ಎಂಬ ವಿಧಾನ ಕಂಡುಕೊಂಡರು: ಹಿಗ್ಗುವ ತೆಳು ರಬ್ಬರ್ ಹಾಳೆಯಿಂದ ಗಡ್ಡವನ್ನು ಮುಚ್ಚಿ ನೆತ್ತಿಯ ಮೇಲೆ ಕಟ್ಟಿ, ಅದರ ಮೇಲೆ ಮಾಸ್ಕ್ ಹಾಕುವುದು. ಬ್ರಿಟನ್ನಿನಲ್ಲಿ ಪರೀಕ್ಷೆಗೊಳಗಾದ ಬಹುತೇಕರು ಉತ್ತೀರ್ಣರಾದರು.

ಆಸ್ಪತ್ರೆಗಳಲ್ಲಿ ಹೊಂದಿಕೆಯನ್ನು ಪರೀಕ್ಷಿಸುವ ಕ್ರಮವಿದೆ. ತಲೆಗೆ ಮುಸುಕು ಹಾಕಿ ಒಳಗೆ ಸ್ಯಾಕರಿನ್ ಇಲ್ಲವೆ ಕಹಿ ದ್ರಾವಣ ಸಿಂಪಡಿಸುತ್ತಾರೆ. ಮಾಸ್ಕ್ ಹಾಕಿದವರ ನಾಲಿಗೆಗೆ ರುಚಿ ತಾಗಿದರೆ ಆ ಮಾಸ್ಕ್ ಅವರಿಗಲ್ಲ. ಯಂತ್ರದಿಂದ ಅಳೆಯುವಾಗ ಒಳಗಿಗಿಂತ ಹೊರಗೆ ನೂರು ಪಟ್ಟು ಕಣಗಳಿರಬೇಕು. ಮನೆಯಲ್ಲಿ ಇವೆಲ್ಲ ಸಾಧ್ಯವಿಲ್ಲ. ಮಾಸ್ಕಿನ ಮೇಲೆ ಎರಡೂ ಅಂಗೈ ಇಟ್ಟು ಜೋರಾಗಿ ಉಸಿರು ಬಿಟ್ಟಾಗ ಕಣ್ಣಿಗೆ ಗಾಳಿ ತಾಗಿದರೆ, ಕನ್ನಡಕ ಮಬ್ಬಾದರೆ ಮೂಗಿನ ಪಟ್ಟಿ ಸಡಿಲವಾಗಿದೆ. ಉಸಿರೆಳೆದಾಗ ಮಾಸ್ಕ್ ತುಸು ಒಳಗೆ ಸೆಳೆದುಕೊಂಡರೆ ಸರಿಯಾಗಿ ಕೂತಿದೆ. ಮಕ್ಕಳ ಮುಖಕ್ಕೆ ದೊಡ್ಡವರ ಮಾಸ್ಕ್ ಕೂರದು. ಐದು ವರ್ಷದವರೆಗಿನವರಿಗೆ ಮಾಸ್ಕ್ ಬೇಡವೆಂದೇ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2021ರ ಜೂನ್‌ನಲ್ಲಿ ಹೇಳಿತು.

ಜನರ ನಡುವೆ ಫಲ

ಪ್ರಯೋಗಾಲಯದ ಅಂಕಿ ಊರಿನಲ್ಲಿ ಹಾಗೇ ನಿಲ್ಲುವುದಿಲ್ಲ. ಈ ಭಾಗದ ಜೀವನಕ್ಕೆ ಹತ್ತಿರವಾದ ದೊಡ್ಡ ಅಧ್ಯಯನ ಬಾಂಗ್ಲಾದೇಶದ್ದು: 600 ಹಳ್ಳಿ, 3.4 ಲಕ್ಷ ವಯಸ್ಕರು. ಮಾಸ್ಕ್ ಹಂಚಿ ಹುರಿದುಂಬಿಸಿದ ಹಳ್ಳಿಗಳಲ್ಲಿ ಸರಿಯಾಗಿ ಹಾಕುವವರು 13%ರಿಂದ 42%ಕ್ಕೆ ಏರಿದರು. ಸರ್ಜಿಕಲ್ ಮಾಸ್ಕ್ ಹಂಚಿದಲ್ಲಿ ಲಕ್ಷಣಸಹಿತ ಸೋಂಕು ಸುಮಾರು 11%, ಅರವತ್ತು ದಾಟಿದವರಲ್ಲಿ 35% ತಗ್ಗಿತು. ಬಟ್ಟೆ ಮಾಸ್ಕಿನ ಹಳ್ಳಿಗಳಲ್ಲಿ ಖಚಿತ ಫಲ ಕಾಣಲಿಲ್ಲ. ಡೆನ್ಮಾರ್ಕಿನ ಅಧ್ಯಯನದಲ್ಲಿ ಮಾಸ್ಕ್ ಹಾಕುವ ಸಲಹೆ ಪಡೆದವರಲ್ಲಿ 1.8%, ಪಡೆಯದವರಲ್ಲಿ 2.1% ಮಂದಿಗೆ ಸೋಂಕು ತಗುಲಿತು. ಇದರಿಂದ ಏನನ್ನೂ ನಿರ್ಧರಿಸಲಾಗದು. ಹನೋಯಿಯ ಆಸ್ಪತ್ರೆ ಸಿಬ್ಬಂದಿಯ ಮೇಲಿನ 2015ರ ವರದಿ ಬಟ್ಟೆ ಮಾಸ್ಕನ್ನು ದಾಟಿ 97% ಕಣಗಳು ಒಳಬಂದದ್ದನ್ನು ದಾಖಲಿಸಿದೆ. ದಕ್ಷಿಣ ಆಫ್ರಿಕಾದ ಕ್ಷಯದ ವಾರ್ಡಿನ ಗಾಳಿಯನ್ನು ಗಿನಿ ಹಂದಿಗಳ ಗೂಡಿಗೆ ಹಾಯಿಸಿದಾಗ, ರೋಗಿಗಳು ಸರ್ಜಿಕಲ್ ಮಾಸ್ಕ್ ಹಾಕಿದ್ದ ದಿನಗಳಲ್ಲಿ ಸೋಂಕು 56% ಕಡಿಮೆಯಾಯಿತು. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಗಟ್ಟಿ: ರೋಗಿಯ ಮುಖಕ್ಕೆ ಸರ್ಜಿಕಲ್, ಆರೈಕೆ ಮಾಡುವವರ ಮುಖಕ್ಕೆ ಎನ್-95. ದಸ್ತಿ ಏನೂ ಇಲ್ಲದಾಗಿನ ಉಪಾಯ.

ಮಿತಿ ಮತ್ತು ಮರುಬಳಕೆ

ಎನ್-95 ಕಣಗಳಿಗೆ ಮಾತ್ರ, ಅನಿಲಕ್ಕಲ್ಲ. ಕೋವಿಡ್ ನಂತರ ಉಳಿದ ಮಾಸ್ಕುಗಳನ್ನು ದ್ರಾಕ್ಷಿಗೆ ಔಷಧ ಹೊಡೆಯುವಾಗ, ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡುವಾಗ ಹಾಕಿಕೊಳ್ಳುವವರು ಇದನ್ನು ತಿಳಿದಿರಬೇಕು. ಗಂಧಕದ ಅನಿಲವನ್ನಾಗಲಿ ಔಷಧದ ಆವಿಯನ್ನಾಗಲಿ ಅದು ಹಿಡಿಯದು. ಅದಕ್ಕೆ ಇದ್ದಿಲಿನ ಡಬ್ಬಿ ಕೂಡಿಸಿದ ರಬ್ಬರ್ ಮಾಸ್ಕೇ ಬೇಕು.

ಹತ್ತಿಯ ಮಾಸ್ಕನ್ನು ಎಷ್ಟು ಸಲ ಒಗೆದರೂ ಅದರ ಸೋಸುವಿಕೆ ಹೆಚ್ಚೇನೂ ಕುಂದುವುದಿಲ್ಲ. ಎನ್-95 ಮತ್ತು ಸರ್ಜಿಕಲ್ ಮಾಸ್ಕುಗಳ ಕಥೆ ಬೇರೆ. ಸೋಪು, ಸ್ಯಾನಿಟೈಸರ್, ಸ್ಪಿರಿಟ್ ತಾಗಿದರೆ ನಾರಿನ ವಿದ್ಯುತ್ ಹೋಗುತ್ತದೆ. ನೋಡಲು ಹೊಸದರಂತೆಯೇ ಇರುತ್ತದೆ, ಕೆಲಸ ಸತ್ತಿರುತ್ತದೆ. ಮಾಸ್ಕ್ ಸಿಗದ ಕಾಲದಲ್ಲಿ ಕೆಲವನ್ನು ಸರದಿಯಲ್ಲಿ ಬಳಸಿ, ಬಳಸಿದ್ದನ್ನು ಕಾಗದದ ಚೀಲದಲ್ಲಿ ನಾಲ್ಕೈದು ದಿನ ಒಣಗಲು ಬಿಡುವ ಕ್ರಮ ಆಸ್ಪತ್ರೆಗಳಲ್ಲಿತ್ತು. ಎಲಾಸ್ಟಿಕ್ ಸಡಿಲಾದ, ಒದ್ದೆಯಾದ, ಒಮ್ಮೆ ಒಗೆದ ಎನ್-95 ಅನ್ನು ರೋಗಿಯ ಹತ್ತಿರ ಹೋಗುವಾಗ ಹಾಕಿಕೊಳ್ಳಬೇಡಿ.